ಬೀಗದ ಕೈ ನನ್ನ ಕೈಯಲ್ಲೇ ಇತ್ತು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಊರಿನ ಸರ್ಕಾರಿ ಆಸ್ಪತ್ರೆಗೆ ತಾವು ಹೊಸದಾಗಿ ಒಂದು ಕಬ್ಬಿಣದ ಬೀರು ಕಳಿಸಿಕೊಟ್ಟಿದ್ದೀರಿ. ಬೀರು ಗಟ್ಟಿಮುಟ್ಟಾಗಿದೆ, ಹಸಿರು ಬಣ್ಣ ಬಳಿದಿದ್ದಾರೆ, ನೋಡುವುದಕ್ಕೂ ಚೆನ್ನಾಗಿದೆ. ಅದರೊಳಗೆ ನನ್ನ ಔಷಧಿ ಇದೆ. ಅದರ ಬೀಗದ ಕೈ ತಮ್ಮ ಆಜ್ಞೆಯಂತೆ ಡಾಕ್ಟರ ಜೇಬಿನಲ್ಲಿದೆ. ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ನಮ್ಮ ಊರಿಗೆ ಬರುತ್ತಾರೆ, ಉಳಿದ ದಿನ ಸಾಗರದಲ್ಲಿರುತ್ತಾರೆ. ನನ್ನ ಕಾಯಿಲೆಗೆ ಮಾತ್ರ ವಾರದ ಹೆಸರುಗಳನ್ನು ಯಾರೂ ಕಲಿಸಿಲ್ಲ. ಅದು ಬುಧವಾರ ಬಂದರೆ ನಾನು ಏನು ಮಾಡಬೇಕು ಎಂದು ಕೇಳುವುದಕ್ಕಾಗಿ ಈ ಪತ್ರ. ತಮ್ಮ ಕಚೇರಿಗೇ ಬರೆದು ಕೇಳಿದೆ, ಉತ್ತರ ಬರಲಿಲ್ಲ. ತಮ್ಮ ಕಚೇರಿಯಲ್ಲಿ ಪತ್ರಿಕೆಯನ್ನಾದರೆ ಯಾರಾದರೂ ಬಿಡಿಸಿ ನೋಡುತ್ತಾರೆಂದು ಕೇಳಿದ್ದೇನೆ, ಆದ್ದರಿಂದ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವಿನ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಊರಿನವರು ಅಕ್ಕೋರು ಎಂದು ಕರೆಯುತ್ತಾರೆ. ಊರಿನ ಹೆಸರು ಬರೆಯುವುದಿಲ್ಲ, ತಮಗೆ ಗೊತ್ತು. ಉಳಿದವರಿಗೆ ಗೊತ್ತಾಗುವುದರಿಂದ ಯಾರಿಗೂ ಲಾಭವಿಲ್ಲ. ನಮ್ಮ ಕಡೆ ಬಹಳ ಜನರಿಗೆ ಇರುವಂತೆ ನನಗೂ ಗಂಟಲಲ್ಲಿ ಗಡ್ಡೆ ಇತ್ತು. ಅದು ಬೆಳೆದು ನುಂಗುವುದಕ್ಕೂ ಕಷ್ಟವಾದಾಗ ದೂರದ ದೊಡ್ಡ ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ. ಗಡ್ಡೆ ಹೋಯಿತು. ಗಡ್ಡೆಯ ಬೆನ್ನಿಗೆ ತೊಗರಿಬೇಳೆಯಷ್ಟು ದೊಡ್ಡ ನಾಲ್ಕು ಗ್ರಂಥಿಗಳಿರುತ್ತವಂತೆ, ಅವೂ ಅದರ ಜೊತೆಗೆ ಹೋದವು. ಮೈಯೊಳಗಿನ ಸುಣ್ಣದ ಅಂಶವನ್ನು ಹಿಡಿತದಲ್ಲಿಡುವ ಕೆಲಸ ಅವುಗಳದ್ದು. ಈಗ ಆ ಕೆಲಸಕ್ಕೆ ಯಾರೂ ಇಲ್ಲ. ಕಾಯಿಲೆಯ ಹೆಸರು ಹೈಪೋಪ್ಯಾರಾಥೈರಾಯ್ಡಿಸಂ. ನಾನು ಈ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಆಸಕ್ತಿಯೂ ಮುಗಿದಿರುತ್ತದೆ, ಹಾಗಾಗಿ ಈಗೀಗ ‘ಸುಣ್ಣದ ಕಾಯಿಲೆ’ ಎಂದಷ್ಟೇ ಹೇಳುತ್ತೇನೆ.

ಇದು ಸಾಯಿಸುವ ಕಾಯಿಲೆಯಲ್ಲ ಎಂದು ತಮ್ಮ ಕಚೇರಿಯ ಒಬ್ಬರು ನನ್ನ ಯಜಮಾನರಿಗೆ ಸಮಾಧಾನ ಹೇಳಿದರಂತೆ. ಔಷಧಿ ಸಿಕ್ಕರೆ ಅವರ ಮಾತು ನಿಜ. ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ತುಟಿಯನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ತುಟಿಯ ಸುತ್ತ ಜುಮ್ಮೆನ್ನುತ್ತಿದ್ದರೆ ಅಂದಿನ ದಿನ ಹೇಗೆಂದು ತಿಳಿಯುತ್ತದೆ. ಆಮೇಲೆ ಬೆರಳ ತುದಿಗಳು. ಒಲೆಯ ಮೇಲಿನ ಪಾತ್ರೆ ಬಿಸಿಯಿದೆಯೋ ತಣ್ಣಗಿದೆಯೋ ಬೆರಳಿಗೆ ತಡವಾಗಿ ಗೊತ್ತಾಗುತ್ತದೆ, ಗೊತ್ತಾಗುವಷ್ಟರಲ್ಲಿ ಗುಳ್ಳೆ ಎದ್ದಿರುತ್ತದೆ. ಉಗುರು ಸೀಳುತ್ತದೆ, ಕೂದಲು ಬಾಚಣಿಗೆಯಲ್ಲೇ ಉಳಿಯುತ್ತದೆ, ಮೂವತ್ತೈದು ದಾಟುವ ಮೊದಲೇ ಕಣ್ಣಿಗೆ ಮಂಜು ಕವಿಯುತ್ತಿದೆ. ಶಾಲೆಗೆ ಏರುವ ದಿಬ್ಬದಲ್ಲಿ ಮೀನಖಂಡ ಹಿಡಿದುಕೊಂಡು ನಿಂತುಬಿಡುತ್ತೇನೆ. ಹಾಜರಿ ಕರೆಯುವಾಗ, ಎದುರು ಕುಳಿತಿರುವ, ನಾನೇ ಅಕ್ಷರ ತಿದ್ದಿಸಿದ ಮಗುವಿನ ಹೆಸರು ಹೊಳೆಯುವುದಿಲ್ಲ. ಮಕ್ಕಳು ಒಳ್ಳೆಯವರು, ತಾವೇ ಎದ್ದು ಹೆಸರು ಹೇಳಿ ಕೂರುತ್ತಾರೆ. ದಿನವಿಡೀ ಸೀಮೆಸುಣ್ಣ ಹಿಡಿಯುವ ಕೈಗೇ ಸುಣ್ಣ ಸಾಲದು ಎಂಬುದು ನನಗೆ ಮೊದಮೊದಲು ತಮಾಷೆಯಾಗಿ ಕಾಣುತ್ತಿತ್ತು. ಈಗ ಹಾಗೂ ಕಾಣುವುದಿಲ್ಲ, ಹೀಗೂ ಕಾಣುವುದಿಲ್ಲ.

ನಮ್ಮ ಅತ್ತೆ ಗುತ್ಯಮ್ಮನವರಿಗೆ ‘ಸುಣ್ಣದ ಅಂಶ ಕಡಿಮೆ’ ಎಂಬ ಮಾತು ಕೇಳಿ ಬಹಳ ಸಮಾಧಾನವಾಯಿತು. ಅವರಿಗೆ ಹಲ್ಲಿಲ್ಲ, ಎಲೆ ಅಡಿಕೆ ಜಜ್ಜಿಕೊಳ್ಳುವ ಕಬ್ಬಿಣದ ಕುಟ್ಟಾಣಿ, ಸುಣ್ಣದ ಡಬ್ಬಿ, ಎರಡೂ ಸದಾ ಅವರ ಸೊಂಟದ ಸಂಚಿಯಲ್ಲಿರುತ್ತವೆ. ‘ಅಷ್ಟೇ ಏನೇ? ಅದಕ್ಕೆ ಆ ದೊಡ್ಡೂರಿಗೆಲ್ಲ ಹೋಗ್ಬೇಕಿತ್ತಾ? ನಮ್ಮನೇಲಿ ಸುಣ್ಣಕ್ಕೆ ಎಂತ ಬರಗಾಲ ಮಾರಾಯ್ತಿ?’ ಎಂದು ಎಲೆಗೆ ಬೆರಳು ತುಂಬ ಸುಣ್ಣ ಬಳಿದು ಕೊಟ್ಟರು. ಅವರ ಪ್ರೀತಿಯನ್ನು ಬೇಡವೆನ್ನಲಾರದೆ ತಿಂದೆ. ಬಾಯೆಲ್ಲ ಬೆಂದು ವಾರಗಟ್ಟಲೆ ಗಂಜಿ ಕುಡಿದೆ. ಇದನ್ನು ಹೇಳಿದ್ದು ಅವರನ್ನು ಹಾಸ್ಯ ಮಾಡುವುದಕ್ಕಲ್ಲ. ಕೊರತೆ ಏನೆಂದು ಕೇಳಿ, ತಮ್ಮಲ್ಲಿ ಇದ್ದದ್ದನ್ನು ತೆಗೆದುಕೊಟ್ಟವರು ಈ ತನಕ ಅವರೊಬ್ಬರೇ.

ಈ ಪತ್ರದಲ್ಲಿ ತಮಗೆ ಕಣ್ಣೀರು ಕಾಣದಿದ್ದರೆ, ಹಾಗಾದರೆ ಅಷ್ಟೇನೂ ತೊಂದರೆಯಿಲ್ಲ ಎಂದು ಎತ್ತಿಡಬೇಡಿ. ನಾನು ಅಳುವಂತಿಲ್ಲ. ಬಿಕ್ಕಿ ಬಿಕ್ಕಿ ಅತ್ತರೆ ಉಸಿರು ಜೋರಾಗುತ್ತದೆ, ಉಸಿರು ಜೋರಾದರೆ ರಕ್ತದಲ್ಲಿ ಉಳಿದ ಚೂರುಪಾರು ಸುಣ್ಣವೂ ಕೆಲಸಕ್ಕೆ ಬರುವುದಿಲ್ಲ, ಕೈಕಾಲು ಸೆಟೆದುಕೊಳ್ಳುತ್ತವೆ. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲೇ ಇದನ್ನು ನನಗೆ ತಿಳಿಸಿದರು. ಸಿಟ್ಟಾಗುವಂತಿಲ್ಲ, ಹೆದರುವಂತಿಲ್ಲ, ಬಸ್ಸಿಗೆ ಓಡುವಂತಿಲ್ಲ. ಮೊದಲ ವರ್ಷ ಇದನ್ನೆಲ್ಲ ಅಭ್ಯಾಸ ಮಾಡುವುದು ಕಷ್ಟವಾಯಿತು. ಈಗ ಕಷ್ಟವಿಲ್ಲ, ಒಳಗೆ ಏನೂ ಏಳುವುದೇ ಇಲ್ಲ. ಮರಗಟ್ಟುವುದು ತುಟಿಯಿಂದ ಶುರುವಾಗಿ ಎಲ್ಲಿಯ ತನಕ ಹೋಗುತ್ತದೆ ಎಂದು ಯಾವ ಡಾಕ್ಟರೂ ನನಗೆ ಹೇಳಲಿಲ್ಲ.

ಕಳೆದ ವರ್ಷ ಮಂಡಗದ್ದೆಯಲ್ಲಿ ನನ್ನ ತಾಯಿ ಕೆರಿಯಮ್ಮ ತೀರಿಕೊಂಡರು. ಹೊಳೆಯಾಚೆಯಿಂದೆಲ್ಲ ಜನ ಬಂದಿದ್ದರು. ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರು. ನನಗೂ ಅಳು ಬಂತು, ಅದರ ಜೊತೆಗೇ ತುಟಿಯ ಸುತ್ತ ಜುಮ್ಮೆಂದಿತು, ಹೆಬ್ಬೆರಳು ತಾನೇ ತಾನಾಗಿ ಅಂಗೈಯೊಳಕ್ಕೆ ಮಡಚತೊಡಗಿತು. ಹೆಣದ ಪಕ್ಕದಲ್ಲಿ ನಾನೂ ಬಿದ್ದರೆ ನೋಡುವವರಾರು ಎಂದು ಮೆಲ್ಲಗೆ ಉಸಿರು ಬಿಡುತ್ತ, ಮನಸ್ಸಿನಲ್ಲಿ ಹದಿನೇಳರ ಮಗ್ಗಿ ಹೇಳಿಕೊಂಡೆ. ಮುಗಿದ ಮೇಲೆ ಹತ್ತೊಂಬತ್ತರದ್ದು. ತಾಯಿಯನ್ನು ಎತ್ತಿಕೊಂಡು ಹೋಗುವವರೆಗೂ ಹೇಳಿಕೊಂಡೆ. ‘ಹೆತ್ತವ್ವ ಹೋದ್ರೂ ಒಂದು ಹನಿ ಇಲ್ಲ ನೋಡು, ಕಲಿತ ಹೆಣ್ಣು ಅಲ್ದಾ, ಎದೆ ಕಲ್ಲಾಗ್ತದೆ’ ಎಂದು ಹಿಂದೆ ಯಾರೋ ಅಂದರು. ಅವರಿಗೆ ಏನೆಂದು ಹೇಳಲಿ? ಅಮ್ಮನನ್ನು ನೆನೆದಾಗ ಇವತ್ತಿಗೂ ನನಗೆ ಮೊದಲು ನೆನಪಾಗುವುದು ಮಗ್ಗಿ. ಇದು ನನಗೆ ದುಃಖದ ವಿಷಯ. ದುಃಖವೆಂದು ನನಗೆ ಗೊತ್ತಿದೆ, ಆದರೆ ಆಗುತ್ತಿಲ್ಲ.

ಇನ್ನು ತಾವು ವಿಚಾರಣೆ ನಡೆಸಿ ಇತ್ಯರ್ಥ ಮಾಡಿದ ಪ್ರಕರಣಕ್ಕೆ ಬರುತ್ತೇನೆ. ವಿಚಾರಣೆಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲವಾದ್ದರಿಂದ ಇಲ್ಲಿ ಹೇಳುವುದು ತಮಗೆ ಹೊಸದೇ ಆಗಿರಬಹುದು.

ಸುಣ್ಣದ ಅಂಶ ತೀರ ಇಳಿದಾಗ ನನ್ನ ಕೈಕಾಲು ಸೆಟೆಯುತ್ತವೆ, ಮುಖ ಸೊಟ್ಟಗಾಗುತ್ತದೆ, ಗಂಟಲು ಬಿಗಿದು ಉಸಿರು ಕೀರಲು ಸದ್ದು ಮಾಡುತ್ತದೆ. ನೋಡಿದವರಿಗೆ ಅದು ಮೂರ್ಛೆರೋಗ. ವ್ಯತ್ಯಾಸವೆಂದರೆ ಆಗ ನನಗೆ ಪ್ರಜ್ಞೆ ತಪ್ಪುವುದಿಲ್ಲ. ಎಲ್ಲ ಕಾಣುತ್ತದೆ, ಎಲ್ಲ ಕೇಳುತ್ತದೆ, ಮಾತಾಡಲು ಮಾತ್ರ ಆಗುವುದಿಲ್ಲ. ನಮ್ಮ ಕಡೆ ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವ ಪದ್ಧತಿ ಇದೆ. ಸಾಮಾನ್ಯವಾಗಿ ಬೀಗದ ಕೈ, ಅದು ಸಿಗದಿದ್ದರೆ ಅಡಕತ್ತರಿ. ತೀರ್ಥಹಳ್ಳಿಯ ಬಸ್ಸಿನಲ್ಲಿ ಒಮ್ಮೆ ಹೀಗಾದಾಗ ಡ್ರೈವರು ಬಸ್ಸು ನಿಲ್ಲಿಸಿ, ತನ್ನ ಸೀಟಿನ ಕೆಳಗಿನಿಂದ ಸ್ಪ್ಯಾನರ್ ತೆಗೆದು ನನ್ನ ಕೈಯಲ್ಲಿಟ್ಟು, ‘ಗಟ್ಟಿ ಹಿಡ್ಕಳಿ ಅಮ್ಮ, ಎಂತದೂ ಆಗಲ್ಲ’ ಎಂದ. ಅದರಿಂದ ಗುಣವಾಗುವುದಿಲ್ಲ. ಆದರೂ ಬಸ್ಸಿನಲ್ಲಿದ್ದ ಅಷ್ಟೂ ಜನರಲ್ಲಿ ನನ್ನ ಕೈ ಹಿಡಿದವನು ಅವನು ಎಂಬುದನ್ನು ಮರೆತಿಲ್ಲ.

ನಮ್ಮ ಆಸ್ಪತ್ರೆಯ ಹಿಂದಿನ ಡಾಕ್ಟರು ನನಗಾಗಿಯೇ ಕ್ಯಾಲ್ಸಿಯಂ ಇಂಜೆಕ್ಷನ್ನು ತರಿಸಿಟ್ಟು, ‘ಅಕ್ಕೋರು ಯಾವಾಗ ಬಂದರೂ ಕೊಡು, ನಿಧಾನವಾಗಿ ಕೊಡು’ ಎಂದು ಕಾಂಪೌಂಡರ್ ಧರ್ಮಪ್ಪನಿಗೆ ಕಲಿಸಿ ವರ್ಗವಾಗಿ ಹೋಗಿದ್ದರು. ಆ ಪ್ರಕರಣದ ದಿನ ಹೊಸ ಡಾಕ್ಟರು ಸಾಗರದಲ್ಲಿದ್ದರು. ಶಾಲೆ ಬಿಡುವ ಹೊತ್ತಿಗೆ ನನ್ನ ಬೆರಳುಗಳು ಎಳೆಯತೊಡಗಿದವು. ಅತ್ತೆಯನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋದೆ. ಧರ್ಮಪ್ಪ ನನ್ನ ಮುಖ ನೋಡಿದ ಕೂಡಲೇ, ‘ಕೂತ್ಕಳಿ ಅಕ್ಕೋರೆ, ಈಗ ತೆಗ್ದೆ’ ಎಂದು ಗೋಡೆಯ ಮೊಳೆಯಿಂದ ಬೀಗದ ಕೈ ಗೊಂಚಲು ತೆಗೆದುಕೊಂಡು ಔಷಧಿಯ ಬೀರುವಿನ ಕಡೆ ತಿರುಗಿದ. ಆಗಿನದು ಗಾಜಿನ ಬಾಗಿಲಿನ ಮರದ ಬೀರು. ಅವನು ಬೀಗಕ್ಕೆ ಕೈ ಹಾಕುವಷ್ಟರಲ್ಲಿ ನಾನು ಬೆಂಚಿನಿಂದ ಕೆಳಗೆ ಬಿದ್ದೆ.

‘ಅಯ್ಯಯ್ಯೋ! ಧರ್ಮಪ್ಪ, ಕೈಗೆ ಕಬ್ಣ ಕೊಡಾ! ಎಂತ ನೋಡ್ತಾ ನಿಂತೆ ಮಾರಾಯ?’ ಎಂದು ಅತ್ತೆ ಕೂಗಿದರು.

ಅವನು ಏನು ಮಾಡಿದನೆಂದು ತಮ್ಮ ಆಜ್ಞಾಪತ್ರದಲ್ಲಿದೆ. ಏಕೆ ಮಾಡಿದನೆಂದು ಇಲ್ಲ. ಧರ್ಮಪ್ಪ ಈ ಕಾಯಿಲೆಯನ್ನು ಬಲ್ಲ, ಔಷಧಿಯನ್ನೂ ಬಲ್ಲ. ಆದರೆ ಅವನು ಕಾಂಪೌಂಡರ್ ಆದದ್ದು ಈಚೆಗೆ, ಈ ಊರಿನ ಮಗನಾಗಿ ಹುಟ್ಟಿದ್ದು ಬಹಳ ಹಿಂದೆ. ಕೂಗು ಕೇಳಿದ್ದೇ ತಡ, ಕೈಯಲ್ಲಿದ್ದ ಗೊಂಚಲನ್ನು ತಂದು ನನ್ನ ಬಲಗೈಯೊಳಗಿಟ್ಟು ಬೆರಳುಗಳನ್ನು ಅದುಮಿದ. ಹೆಬ್ಬೆರಳು ಗೊಂಚಲಿನ ಬಳೆಯೊಳಗೆ ಸಿಕ್ಕಿಕೊಂಡು ಒಳಕ್ಕೆ ಮಡಚಿತು, ಅದರ ಮೇಲೆ ನಾಲ್ಕು ಬೆರಳು ಕೂತವು. ಬೀಗ ಬಿತ್ತು ಎನ್ನಿ. ಔಷಧಿಯಿಲ್ಲದೆ ನನ್ನ ಕೈ ತೆರೆಯದು, ನನ್ನ ಕೈ ತೆರೆಯದೆ ಔಷಧಿ ಸಿಗದು.

ನೆಲದ ಮೇಲೆ ಬಿದ್ದಲ್ಲಿಂದ ನನಗೆ ಬೀರು ನೇರವಾಗಿ ಕಾಣುತ್ತಿತ್ತು. ಗಾಜಿನ ಹಿಂದೆ, ಕೆಳಗಿನಿಂದ ಎರಡನೆಯ ಹಲಗೆಯ ಮೇಲೆ, ರಟ್ಟಿನ ಡಬ್ಬಿಯಲ್ಲಿ ನನ್ನ ಇಂಜೆಕ್ಷನ್ನುಗಳಿದ್ದವು. ಡಬ್ಬಿಯ ಮುಚ್ಚಳ ಸ್ವಲ್ಪ ಹರಿದಿತ್ತು. ಇಷ್ಟು ಚೆನ್ನಾಗಿ ಅದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಧರ್ಮಪ್ಪನಿಗೆ ಆಗ ಎಚ್ಚರವಾಯಿತು. ‘ಅಕ್ಕೋರೆ, ಕೈ ಬಿಡಿ ಅಕ್ಕೋರೆ, ಬೀಗದ ಕೈ ಬೇಕಿತ್ತು’ ಎಂದು ನನ್ನ ಬೆರಳುಗಳನ್ನು ಬಿಡಿಸಹೊರಟ. ಕೆಮ್ಮಿನ ಔಷಧಿಗೆ ಬಂದಿದ್ದ ಒಬ್ಬ ಹೆಂಗಸು, ‘ಮೂರ್ಛೆ ಬಂದೋರಿಗೆ ಎಂತ ಕೇಳ್ತದೆ? ಸುಮ್ನಿರಿ’ ಎಂದಳು. ನನಗೆ ಕೇಳುತ್ತಿತ್ತು. ಬಿಡುತ್ತೇನೆ ಎಂದು ಹೇಳಬೇಕೆಂದಿದ್ದೆ. ಅವನು ಎಳೆದಷ್ಟೂ ನೋವು, ಬೆರಳು ಮುರಿದೀತೆಂದು ಅವನಿಗೇ ಭಯ. ಅತ್ತೆ ಹರಳೆಣ್ಣೆ ತರಿಸಿ ಸುರಿದರು. ಕೈಯಿಂದ ಎಣ್ಣೆ ಇಳಿಯಿತೇ ಹೊರತು ಗೊಂಚಲು ಇಳಿಯಲಿಲ್ಲ. ಅಷ್ಟರಲ್ಲಿ ನನ್ನ ಗಂಟಲು ಬಿಗಿಯತೊಡಗಿತು. ಒಳಗೆ ಹೋದ ಉಸಿರು ಹೊರಗೆ ಬರಲು ದಾರಿ ಹುಡುಕುತ್ತಿತ್ತು. ಸಾಯುತ್ತೇನೆ ಎಂದುಕೊಂಡೆ. ಹೆದರಿಕೆಯಾಯಿತೇ ಎಂದು ಆಮೇಲೆ ಯಜಮಾನರು ಕೇಳಿದರು. ಇಲ್ಲ. ಹರಿದ ಮುಚ್ಚಳವನ್ನೇ ನೋಡುತ್ತಿದ್ದೆ.

‘ಗಾಜು ಒಡಿ ಮಾರಾಯ’ ಎಂದರು ಅತ್ತೆ.

‘ಸರ್ಕಾರಿ ಬೀರು ಅಮ್ಮ. ಒಡೆದ್ರೆ ನನ್ ಕೆಲ್ಸ ಹೋಗ್ತದೆ. ಸಾಹೇಬ್ರ ಆರ್ಡರ್ ಬೇಕು.’

‘ಇವ್ಳು ಸತ್ರೆ? ಅದಕ್ಕೆ ಯಾರ ಆರ್ಡರ್ ಬೇಕು?’

ಧರ್ಮಪ್ಪ ಮತ್ತೆ ನನ್ನ ಬೆರಳುಗಳನ್ನೇ ಬಿಡಿಸಹೊರಟ. ಅವನ ಮನೆಯಲ್ಲೂ ಉಣ್ಣುವ ಬಾಯಿಗಳಿವೆ. ಅತ್ತೆ ಸಂಚಿ ಬಿಚ್ಚಿ ಕುಟ್ಟಾಣಿಯನ್ನು ತೆಗೆದು ಗಾಜಿಗೆ ಅಪ್ಪಳಿಸಿದರು. ಒಂದೇ ಏಟು. ಕೈಗೆ ಕಬ್ಬಿಣ ಕೊಡಿ ಎಂದು ಕೂಗಿದವರೂ ಅವರೇ, ಕಬ್ಬಿಣದಿಂದ ನಿಜವಾಗಿ ಆಗಬಹುದಾದ ಉಪಕಾರವನ್ನು ಮಾಡಿದವರೂ ಅವರೇ. ಗಾಜಿನ ಚೂರುಗಳ ನಡುವೆ ಕೈ ಹಾಕಿ ಧರ್ಮಪ್ಪ ಔಷಧಿ ತೆಗೆದ. ಅವನ ಮುಂಗೈ ಕುಯ್ದು ರಕ್ತ ಬರುತ್ತಿತ್ತು, ಆದರೂ ಕಲಿಸಿದ್ದಂತೆ ನಿಧಾನವಾಗಿಯೇ ಚುಚ್ಚಿದ. ಸ್ವಲ್ಪ ಹೊತ್ತಿಗೆ ಗಂಟಲು ಸಡಿಲವಾಯಿತು, ಆಮೇಲೆ ಮುಖ, ಕೊನೆಗೆ ಕೈ. ಬೀಗದ ಕೈ ಗೊಂಚಲು ನೆಲಕ್ಕೆ ಬಿತ್ತು. ಅಷ್ಟು ಹೊತ್ತಿಗೆ ಅದು ಯಾರಿಗೂ ಬೇಕಿರಲಿಲ್ಲ.

ಇದರ ಮೇಲೆ ತಾವು ಹೊರಡಿಸಿದ ಆಜ್ಞೆಯನ್ನು ಧರ್ಮಪ್ಪ ನನಗೆ ಓದಿ ಹೇಳಿದ. ಅದರ ಭಾಷೆ ಬಹಳ ಚೆನ್ನಾಗಿದೆ, ಮಕ್ಕಳಿಗೆ ಉಕ್ತಲೇಖನಕ್ಕೆ ಕೊಡಬಹುದು. ನಾನು ‘ಸರ್ಕಾರಿ ಬೀಗದ ಕೈಯನ್ನು ವಶದಲ್ಲಿಟ್ಟುಕೊಂಡು ಹಿಂತಿರುಗಿಸಲು ಒಪ್ಪದ ಮೂರ್ಛೆರೋಗಿ’. ಎಪ್ಪತ್ತು ದಾಟಿದ ನಮ್ಮ ಅತ್ತೆ ‘ಆಯುಧದಿಂದ ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದ ಹೆಂಗಸು’. ಬೀಗದ ಕೈಯನ್ನು ಹೊರಗಿನವರಿಗೆ ಕೊಟ್ಟದ್ದೇಕೆ ಎಂದು ಧರ್ಮಪ್ಪ ಸಮಜಾಯಿಷಿ ಬರೆದುಕೊಡಬೇಕು. ಮೂರ್ಛೆರೋಗಿಗಳಿಗೆ ಕ್ಯಾಲ್ಸಿಯಂ ಕೊಡುವ ಅಗತ್ಯ ಕಂಡುಬರುವುದಿಲ್ಲವಾದ್ದರಿಂದ ಡಾಕ್ಟರು ಖುದ್ದಾಗಿ ನೋಡದ ಹೊರತು ಅದನ್ನು ಕೊಡತಕ್ಕದ್ದಲ್ಲ. ಮುಂದೆ ಇಂಥ ಅಚಾತುರ್ಯ ನಡೆಯದಂತೆ ಗಾಜಿನ ಬೀರುವಿಗೆ ಬದಲಾಗಿ ಕಬ್ಬಿಣದ ಬೀರುವನ್ನು ಒದಗಿಸಲಾಗಿದೆ, ಮತ್ತು ಬೀಗದ ಕೈ ಡಾಕ್ಟರ ಬಳಿಯೇ ಇರತಕ್ಕದ್ದು.

ತಾವು ಅಚಾತುರ್ಯವೆಂದದ್ದು ಯಾವುದಕ್ಕೆ? ನಾನು ಬಿದ್ದದ್ದಕ್ಕೋ, ಬದುಕಿದ್ದಕ್ಕೋ? ಒಂದು ಬೀಗದ ಕೈ ಅಡ್ಡ ಬಂದು ಒಬ್ಬಳು ಸಾಯುವುದರಲ್ಲಿದ್ದಳು ಎಂಬ ಸಂಗತಿಯನ್ನು ಓದಿ, ಬೀಗವನ್ನು ಇನ್ನಷ್ಟು ಭದ್ರಪಡಿಸಬೇಕೆಂದು ಒಬ್ಬರಿಗೆ ತೋಚುವುದು ಹೇಗೆ? ಸೆಟೆದುಕೊಳ್ಳುವವರಿಗೆಲ್ಲ ಮೂರ್ಛೆರೋಗ ಎಂದು ನಮ್ಮ ಅತ್ತೆ ತಿಳಿದಿದ್ದರು, ಅವರು ಶಾಲೆಗೆ ಹೋದವರಲ್ಲ. ತಾವು ಎಲ್ಲಿಗೆ ಹೋಗಿದ್ದಿರಿ? ಅವರು ಕೈಗೆ ಬೀಗದ ಕೈ ಕೊಡಿಸಿದರು, ತಾವು ಒಂದು ಬೀರುವನ್ನೇ ಕೊಟ್ಟಿರಿ. ಕಬ್ಬಿಣದ ತೂಕದಲ್ಲಿ ತಮ್ಮದೇ ಮೇಲು.

ಈ ಆಜ್ಞೆ ಕೇಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಧರ್ಮಪ್ಪನೇ ಓದುತ್ತ ಓದುತ್ತ ಅತ್ತ. ನಾನು ಅವನಿಗೆ ನೀರು ಕೊಟ್ಟೆ.

ಬೀಗದ ಕೈಯ ಸುದ್ದಿ ಊರಿನಲ್ಲೆಲ್ಲ ಹಬ್ಬಿ, ಈಗ ನನ್ನ ಹತ್ತಿರ ಯಾರೂ ಕಬ್ಬಿಣ ತರುವುದಿಲ್ಲ. ನಮ್ಮ ಹೆಡ್‌ಮಾಸ್ತರರು ಶಾಲೆಯ ಬೀಗದ ಕೈಯನ್ನು ಮೇಜಿನ ಮೇಲಿಡುವುದು ಬಿಟ್ಟು ಜನಿವಾರಕ್ಕೆ ಕಟ್ಟಿಕೊಂಡಿದ್ದಾರೆ. ಹೋದ ವಾರ ತರಗತಿಯಲ್ಲಿ ನನ್ನ ಕೈ ಎಳೆದಾಗ ಅವರು ಬಾಗಿಲ ತನಕ ಬಂದು, ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತರು. ಅದು ಗುರುವಾರ. ಸಾಗರದ ಬಸ್ಸು ಹೋಗಿಯಾಗಿತ್ತು. ದಿನವೂ ನುಂಗುವ ಕ್ಯಾಲ್ಸಿಯಂ ಮಾತ್ರೆಗಳನ್ನೇ ಅಗಿದು ನೀರು ಕುಡಿದೆ, ಹೇಗೋ ಅಷ್ಟಕ್ಕೇ ನಿಂತಿತು. ಮುಂದಿನ ಸಲ ಅಷ್ಟಕ್ಕೇ ನಿಲ್ಲುತ್ತದೆಯೇ ಎಂದು ನನಗೆ ತಿಳಿಯದು. ಮಕ್ಕಳು ಗೋಡೆಗೆ ಒತ್ತಿಕೊಂಡು ನೋಡುತ್ತಿದ್ದರು. ಅವರಿಗೆ ಏನಾದರೂ ಹೇಳಬೇಕೆಂದು, ‘ಮಗ್ಗಿ ಹೇಳಿ’ ಎಂದೆ. ಎಲ್ಲರೂ ಒಟ್ಟಿಗೆ ಹೇಳಿದರು.

ನಾನು ಕೇಳುವುದು ಹೆಚ್ಚಿಲ್ಲ. ಹೋದ ಗ್ರಂಥಿಗಳನ್ನು ಕೇಳುತ್ತಿಲ್ಲ. ನನಗೆ ಇರುವುದು ಮೂರ್ಛೆರೋಗವಲ್ಲ ಎಂದು ಆಪರೇಷನ್ ಮಾಡಿದ ಆಸ್ಪತ್ರೆಯವರನ್ನು ಕೇಳಿ ತಿಳಿದುಕೊಳ್ಳಿ. ಆ ಇಂಜೆಕ್ಷನ್ನುಗಳ ಡಬ್ಬಿಯನ್ನು ಬೀರುವಿನಿಂದ ಹೊರಗೆ ತೆಗೆದು, ಬೀಗವಿಲ್ಲದ ಧರ್ಮಪ್ಪನ ಮೇಜಿನ ಡ್ರಾಯರಿನಲ್ಲಿ ಇಡಿಸಿ. ಯಾವ ವಾರವಾದರೂ ಕೊಡಬಹುದೆಂದು ಅವನಿಗೆ ಬರಹದಲ್ಲಿ ತಿಳಿಸಿ. ಆ ಔಷಧಿಯನ್ನು ಕದ್ದು ಮಾರಿಯಾರು ಎಂದು ತಮಗೆ ಭಯವಿದ್ದರೆ, ಈ ಮೂರು ತಾಲ್ಲೂಕುಗಳಲ್ಲಿ ಅದನ್ನು ಕೊಳ್ಳುವ ಗಿರಾಕಿ ನಾನೊಬ್ಬಳೇ ಇರಬೇಕು. ಬೀಗ ಇರಲೇಬೇಕೆಂಬ ಹಟ ಸರ್ಕಾರದ್ದಾದರೆ, ಬೀಗದ ಕೈಯನ್ನು ನನ್ನ ಸುಪರ್ದಿಗೆ ಕೊಡಿ. ಅದನ್ನು ನನ್ನಷ್ಟು ಭದ್ರವಾಗಿ ಹಿಡಿದುಕೊಂಡವರು ತಮ್ಮ ಇಲಾಖೆಯಲ್ಲಿ ಯಾರೂ ಇಲ್ಲವೆಂಬುದಕ್ಕೆ ತಮ್ಮ ಆಜ್ಞೆಯೇ ಸಾಕ್ಷಿ.

ಬೇಗ ತೀರ್ಮಾನಿಸಿ ಎಂದು ಕೇಳುವುದಕ್ಕೆ ಇನ್ನೂ ಒಂದು ಕಾರಣವಿದೆ. ನಿನ್ನೆ ಅತ್ತೆ ಆಸ್ಪತ್ರೆಗೆ ಹೋಗಿ ಹೊಸ ಬೀರುವನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿ ಬಂದರು. ಬಂದವರು ಎಲೆ ಹಾಕಿಕೊಳ್ಳಲಿಲ್ಲ. ಕುಟ್ಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕೇಳಿದರು.

‘ಅದು ಗಾಜಲ್ಲ ಕಣೇ ಹುಡ್ಗಿ, ಪೂರಾ ಕಬ್ಣ. ಇದು ಸಾಕಾಗ್ತದಾ?’

ನಾನು ಉಪಾಧ್ಯಾಯಿನಿ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಅಭ್ಯಾಸ. ಇದಕ್ಕೆ ಉತ್ತರ ತಿಳಿಯಲಿಲ್ಲ. ತಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ. ಅವರು ಕಾಯುತ್ತಿದ್ದಾರೆ.

ಇಂತಿ,
ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬದುಕಲು ಅಪ್ಪಣೆಯಿರುವ
ವರದಮ್ಮ, ಉಪಾಧ್ಯಾಯಿನಿ
೧೯೬೬, ಒಂದು ಬುಧವಾರ